ಹಚ್ಚಿದ ಮೂರೇ ದಿನಕ್ಕೆ ತುರಿಕೆ ಮಾಯ, ಬಿಟ್ಟರೆ ಮತ್ತೆ ಶುರು: ಆ ಟ್ಯೂಬ್‌ನಲ್ಲಿ ಏನಿದೆ?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನನಗೆ 32 ವರ್ಷ. ನಮ್ಮೂರು ಬೈಂದೂರಿನ ಹತ್ತಿರ, ಈಗ ಬೆಂಗಳೂರಲ್ಲಿ ಇದ್ದೇವೆ. ನಮ್ಮ ಯಜಮಾನರು ಬೇಕರಿಯಲ್ಲಿ ಕೆಲಸ ಮಾಡುತ್ತಾರೆ. ಒಂದೂವರೆ ವರ್ಷದ ಹಿಂದೆ ಅವರಿಗೆ ತೊಡೆಸಂದಿನಲ್ಲಿ ಹುಳುಕಡ್ಡಿ ಆಯಿತು. ಮೆಡಿಕಲ್‌ನಲ್ಲಿ ಕೇಳಿದ್ದಕ್ಕೆ ಒಂದು ಟ್ಯೂಬ್ ಕೊಟ್ಟರು. ಹಚ್ಚಿದ ಮೂರೇ ದಿನಕ್ಕೆ ತುರಿಕೆ ಹೋಯಿತು. ಬಿಟ್ಟ ವಾರಕ್ಕೆ ಮತ್ತೆ ಬಂತು. ಅಲ್ಲಿಂದ ಇವತ್ತಿನವರೆಗೂ ಇದೇ ಕಥೆ. ಈಗ ಹೊಟ್ಟೆಗೂ ಸೊಂಟಕ್ಕೂ ಹರಡಿದೆ. ನನಗೂ ಲಂಗದ ಲಾಡಿ ಕಟ್ಟುವ ಜಾಗದಲ್ಲಿ ಬಂದಿದೆ. ನಾಲ್ಕು ವರ್ಷದ ಮಗಳಿಗೆ ಕೆನ್ನೆಯ ಮೇಲೆ ಒಂದು ಉಂಗುರ ಕಾಣಿಸುತ್ತಿದೆ. ಇನ್ನೊಂದು ವಿಷಯ. ಅದೇ ಟ್ಯೂಬ್ ಹಚ್ಚಿದರೆ ಬಂಗು ಹೋಗುತ್ತದೆ ಅಂತ ಪಕ್ಕದ ಮನೆಯವರು ಹೇಳಿದರು. ಆರು ತಿಂಗಳಿಂದ ಮುಖಕ್ಕೆ ಹಚ್ಚುತ್ತಿದ್ದೇನೆ. ಮೊದಲು ಬೆಳ್ಳಗಾಯಿತು, ಈಗ ಬಿಸಿಲಿಗೆ ಹೋದರೆ ಉರಿ, ಕೆನ್ನೆ ಕೆಂಪು. ಗುಳಿಗೆ ತಗೊಂಡರೆ ಲಿವರ್ ಹಾಳಾಗುತ್ತೆ ಅಂತಾರೆ. ಏನು ಮಾಡಲಿ? ಹೆಸರು ಹಾಕಬೇಡಿ.

ಉತ್ತರ: ಅಮ್ಮಾ, ನಿಮ್ಮ ಪತ್ರ ಓದುವಾಗ ನಮ್ಮ ಓಪಿಡಿಯ ಹೊರಗಿನ ಬೆಂಚು ಕಣ್ಣ ಮುಂದೆ ಬಂತು. ದಿನವೂ ಅಲ್ಲಿ ಕೂತವರಲ್ಲಿ ಹಲವರ ಕೈಯಲ್ಲಿ ಇಂಥದೇ ಒಂದು ಟ್ಯೂಬ್ ಇರುತ್ತದೆ, ಕೊನೆಯವರೆಗೆ ಹಿಂಡಿ ಸುರುಳಿ ಸುತ್ತಿದ್ದು. ನೀವು ಒಂದು ಹೆಜ್ಜೆಯನ್ನೂ ಬಿಡದೆ ಬರೆದಿದ್ದೀರಿ. ಅದರಿಂದ ನನ್ನ ಕೆಲಸ ಹಗುರವಾಯಿತು. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಮೂರು ದಿನಕ್ಕೆ ತುರಿಕೆ ನಿಲ್ಲಿಸಿದ ಔಷಧಿಯನ್ನು ಯಾರು ತಾನೆ ನಂಬುವುದಿಲ್ಲ?

ಒಂದು ಕೆಲಸ ಮಾಡಿ. ಆ ಟ್ಯೂಬನ್ನು ಬೆಳಕಿಗೆ ಹಿಡಿದು ಹಿಂಬದಿ ಓದಿ. ಮುಂಬದಿಯ ದೊಡ್ಡ ಅಕ್ಷರದ ಹೆಸರು ಬೇಡ. ಹಿಂದೆ ಚಿಕ್ಕ ಅಕ್ಷರದಲ್ಲಿ ಔಷಧಿಗಳ ಹೆಸರು, ಅದರ ಎದುರಿಗೆ ಎಷ್ಟು ಪರ್ಸೆಂಟ್ ಅಂತ ಇರುತ್ತದೆ. ಅದೇ ನಿಜವಾದ ಹೆಸರು. ಬೀಟಾಮೆಥಾಸೋನ್, ಮೊಮೆಟಾಸೋನ್, ಡೆಕ್ಸಾಮೆಥಾಸೋನ್, ಫ್ಲುಟಿಕಾಸೋನ್, ಹೀಗೆ ಕೊನೆಯಲ್ಲಿ ‘ಸೋನ್’ ಅಂತ ಬಂದರೆ ಅದು ಸ್ಟಿರಾಯ್ಡ್. ಕ್ಲೋಬೆಟಸಾಲ್, ಹ್ಯಾಲೊಬೆಟಸಾಲ್ ಕೂಡ ಸ್ಟಿರಾಯ್ಡ್, ಅದರಲ್ಲೂ ಎಲ್ಲಕ್ಕಿಂತ ಜೋರಿನವು. ಹೆಸರಿನ ಹಿಂದೆ ಪ್ರೊಪಿಯೊನೇಟ್, ವ್ಯಾಲರೇಟ್, ಫ್ಯೂರೋಯೇಟ್ ಅಂತ ಬಾಲ ಇದ್ದರೂ ಅನುಮಾನ ಪಡಿ. ಕ್ಲೋಟ್ರಿಮಜೋಲ್, ಮೈಕೊನಜೋಲ್, ಲುಲಿಕೊನಜೋಲ್ ಥರ ‘ಅಜೋಲ್’ ಅಂತ ಮುಗಿಯುವುದು ಹೆಚ್ಚಾಗಿ ಫಂಗಸ್‌ಗೆ ಕೊಡುವ ಔಷಧಿ. ಟರ್ಬಿನಾಫಿನ್ ಕೂಡ ಅದೇ ಕೆಲಸದ್ದು. ಕ್ಲೋಬೆಟಸಾಲ್‌ನ ‘ಸಾಲ್’ ಬೇರೆ, ಈ ‘ಜೋಲ್’ ಬೇರೆ. ಇಲ್ಲೇ ತುಂಬ ಜನ ಎಡವುತ್ತಾರೆ.

ನಿಮ್ಮ ಟ್ಯೂಬ್‌ನ ಹಿಂದೆ ಮೂರೋ ನಾಲ್ಕೋ ಹೆಸರು ಇರುತ್ತದೆ ಎಂದು ನನ್ನ ಅಂದಾಜು. ಒಂದು ಫಂಗಸ್ ಔಷಧಿ, ಒಂದು ಬ್ಯಾಕ್ಟೀರಿಯಾಗೆ, ಒಂದು ಸ್ಟಿರಾಯ್ಡ್. ಯಾವ ಕಾಯಿಲೆ ಅಂತ ನೋಡದೆ ಎಲ್ಲದಕ್ಕೂ ಒಂದೇ ಟ್ಯೂಬ್. ಇಂಥ ಬೆರಕೆಗಳ ಮೇಲೆ ಸರ್ಕಾರದ ಕಣ್ಣೂ ಬಿದ್ದಿದೆ. 2018ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ 328 ಮಿಶ್ರಣ ಔಷಧಿಗಳನ್ನು ನಿಷೇಧ ಮಾಡಿತು. ಚರ್ಮಕ್ಕೆ ಹಚ್ಚುವ ಇಂಥ ಕೆಲವು ಕ್ರೀಮುಗಳೂ ಆ ಪಟ್ಟಿಯಲ್ಲಿದ್ದವು. ಅದೇ ವರ್ಷ ಮಾರ್ಚ್‌ನಲ್ಲಿ ಸ್ಟಿರಾಯ್ಡ್ ಕ್ರೀಮುಗಳನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದು ಎಂದು ನಿಯಮ ಬಿಗಿ ಮಾಡಿದರು. ನಿಯಮ ಕಾಗದದ ಮೇಲಿದೆ. ಆದರೂ ‘ತುರಿಕೆಗೆ ಏನಾದರೂ ಕೊಡಿ’ ಎಂದರೆ ಟ್ಯೂಬ್ ಇವತ್ತಿಗೂ ಸಿಗುತ್ತದೆ. ನಿಮ್ಮಂಥವರ ಪತ್ರ ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುವುದು ಇದಕ್ಕೇ.

ಈಗ ಆ ಮೂರು ದಿನದ ಮಾತಿಗೆ ಬರೋಣ.

ಹುಳುಕಡ್ಡಿ ಅಂತ ಹೆಸರಿದ್ದರೂ ಅದರಲ್ಲಿ ಹುಳ ಇಲ್ಲ. ಗಜಕರ್ಣ ಅಂದರೂ ಇದೇ. ಹಳೆಯ ಬ್ರೆಡ್ಡಿನ ಮೇಲೆ ಬೂಷ್ಟು ಹಿಡಿಯುತ್ತದಲ್ಲ, ನಿಮ್ಮ ಯಜಮಾನರಿಗೆ ಹೇಳಿದರೆ ತಕ್ಷಣ ಅರ್ಥವಾಗುತ್ತದೆ, ಅದೇ ಬಳಗದ ಫಂಗಸ್ ಇದು. ಇದಕ್ಕೆ ಊಟ ನಮ್ಮ ಚರ್ಮದ ಮೇಲ್ಪದರ. ಅಲ್ಲಿ ಕೂತು ಸುತ್ತಲೂ ಹರಡುತ್ತಾ ಹೋಗುತ್ತದೆ. ನಡುವೆ ವಾಸಿಯಾದ ಹಾಗೆ ಕಾಣುತ್ತದೆ, ಅಂಚು ಕೆಂಪಗೆ ಉಬ್ಬಿ ಹೊಟ್ಟು ಏಳುತ್ತದೆ. ಉಂಗುರ ಆಗುವುದು ಹೀಗೆ.

ಕೆಂಪಾಗುವುದು, ಉಬ್ಬುವುದು, ತುರಿಸುವುದು, ಇದೆಲ್ಲ ಫಂಗಸ್ ಮಾಡುವ ಕೆಲಸ ಅಂದುಕೊಂಡಿರುತ್ತೇವೆ. ಹೆಚ್ಚಿನ ಪಾಲು ನಮ್ಮ ಮೈ ಮಾಡುವ ಜಗಳ ಅದು. ಹೊರಗಿನದು ಒಳಗೆ ಬಂತು ಅಂತ ರಕ್ತ ಆ ಜಾಗಕ್ಕೆ ನುಗ್ಗುತ್ತದೆ. ಸ್ಟಿರಾಯ್ಡ್ ಈ ಜಗಳವನ್ನು ನಿಲ್ಲಿಸುತ್ತದೆ. ಮನೆಗೆ ಕಳ್ಳ ಬಂದಾಗ ನಾಯಿ ಬೊಗಳುತ್ತಿದ್ದರೆ ನಾಯಿಯ ಬಾಯಿಗೇ ಬಟ್ಟೆ ಕಟ್ಟಿದ ಹಾಗೆ. ಮನೆಯವರಿಗೆ ನಿದ್ದೆ ಬರುತ್ತದೆ, ಕಳ್ಳ ಒಳಗೇ ಇರುತ್ತಾನೆ. ಮೂರು ದಿನಕ್ಕೆ ತುರಿಕೆ ಹೋಗಿದ್ದು ಹೀಗೆ. ಅಷ್ಟರಲ್ಲಿ ಫಂಗಸ್‌ಗೆ ತಡೆಯೇ ಇಲ್ಲ. ನೀವು ಕ್ರೀಮ್ ನಿಲ್ಲಿಸಿದ ದಿನ ಮೈ ಮತ್ತೆ ಎಚ್ಚರಾಗುತ್ತದೆ. ಮೊದಲಿಗಿಂತ ಅಗಲ ಜಾಗದಲ್ಲಿ, ಮೊದಲಿಗಿಂತ ಜೋರಾಗಿ ತುರಿಸುತ್ತದೆ.

ಅದೇ ಟ್ಯೂಬ್‌ನಲ್ಲಿ ಫಂಗಸ್ ಔಷಧಿಯೂ ಇದೆಯಲ್ಲ ಎಂದು ನೀವು ಕೇಳಬಹುದು. ಇದೆ. ಆದರೆ ಅದು ವಾರಗಟ್ಟಲೆ ಬಿಡದೆ ಹಚ್ಚಿದರೆ ಕೆಲಸ ಮಾಡುವಂಥದು. ಚರ್ಮದ ಹಳೆಯ ಪದರ ಉದುರಿ ಹೊಸದು ಮೇಲೆ ಬರಲು ಸುಮಾರು ನಾಲ್ಕು ವಾರ ಬೇಕು. ತುರಿಕೆ ಮೂರೇ ದಿನಕ್ಕೆ ನಿಂತರೆ ನಾಲ್ಕು ವಾರ ಯಾರು ಹಚ್ಚುತ್ತಾರೆ? ನೀವೂ ಬಿಟ್ಟಿರಿ, ಎಲ್ಲರೂ ಬಿಡುತ್ತಾರೆ.

ಸ್ಟಿರಾಯ್ಡ್ ಹಚ್ಚಿದ ಹುಳುಕಡ್ಡಿ ತನ್ನ ರೂಪವನ್ನೇ ಬದಲಿಸುತ್ತದೆ. ಉಂಗುರ ಮಾಯವಾಗಿ ಅಂಕುಡೊಂಕು ಗೆರೆಗಳಾಗುತ್ತದೆ, ಕೆಲವೊಮ್ಮೆ ಉಂಗುರದೊಳಗೆ ಉಂಗುರ. 1968ರಲ್ಲೇ ಬ್ರಿಟನ್ನಿನ ಐವ್ಸ್ ಮತ್ತು ಮಾರ್ಕ್ಸ್ ಇದಕ್ಕೆ ‘ಟಿನಿಯಾ ಇನ್‌ಕಾಗ್ನಿಟೊ’ ಎಂದು ಹೆಸರಿಟ್ಟರು. ವೇಷ ಮರೆಸಿಕೊಂಡ ಹುಳುಕಡ್ಡಿ ಅಂತ ಅರ್ಥ. ನೋಡಿದ ಡಾಕ್ಟರಿಗೂ ಒಮ್ಮೊಮ್ಮೆ ಗೊತ್ತಾಗುವುದಿಲ್ಲ. ಇಸುಬು ಅಂದುಕೊಂಡು ಇನ್ನೂ ಜೋರಿನ ಸ್ಟಿರಾಯ್ಡ್ ಬರೆದುಬಿಡುವುದೂ ಉಂಟು.

ಅದಕ್ಕೇ ಒಂದು ಚಿಕ್ಕ ಪರೀಕ್ಷೆ ಇದೆ. ನೀವು ಹೋದಾಗ ‘ಕೆಓಎಚ್ ಟೆಸ್ಟ್ ಮಾಡ್ತೀರಾ’ ಎಂದು ಕೇಳಿ. ಅಂಚಿನಿಂದ ಸ್ವಲ್ಪ ಹೊಟ್ಟನ್ನು ಬ್ಲೇಡಿನ ಮೊಂಡು ಬದಿಯಿಂದ ಕೆರೆದು ಗಾಜಿನ ಮೇಲೆ ಉದುರಿಸುತ್ತಾರೆ. ನೋವಿಲ್ಲ, ರಕ್ತವಿಲ್ಲ. ಮೇಲೆ ಒಂದು ಹನಿ ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಬಿಟ್ಟು, ಗಾಜಿನ ಮುಚ್ಚಳ ಇಟ್ಟು, ಹತ್ತು ಹದಿನೈದು ನಿಮಿಷ ಕಾಯಬೇಕು. ಚರ್ಮದ ಚೂರು ಕರಗಿ ತಿಳಿಯಾಗುತ್ತದೆ. ಆಮೇಲೆ ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟರೆ, ಇಟ್ಟಿಗೆ ಜೋಡಿಸಿದ ಹಾಗಿರುವ ಚರ್ಮದ ಕೋಶಗಳ ನಡುವೆ ತೆಳ್ಳನೆ ಹಸಿರು ಛಾಯೆಯ ಎಳೆಗಳು ಅಡ್ಡಡ್ಡ ಹಾದುಹೋಗಿರುತ್ತವೆ. ಅಲ್ಲಲ್ಲಿ ಗಂಟು, ಅಲ್ಲಲ್ಲಿ ಕವಲು. ಗೋಡೆಗೆ ಹಬ್ಬಿದ ಬಳ್ಳಿಯ ಬೇರಿನ ಹಾಗೆ. ಕೆಲವು ಸಲ ರೋಗಿಯನ್ನೇ ಕರೆದು ತೋರಿಸುತ್ತೇನೆ. ಒಮ್ಮೆ ಕಣ್ಣಾರೆ ನೋಡಿದವರು ಔಷಧಿಯನ್ನು ನಡುವೆ ಬಿಡುವುದು ಕಡಿಮೆ.

ಚಿಕಿತ್ಸೆಯ ವಿಷಯ. ಹತ್ತು ಹದಿನೈದು ವರ್ಷದ ಹಿಂದೆ ಹುಳುಕಡ್ಡಿ ಅಂದರೆ ನಮಗೆ ತಲೆನೋವೇ ಅಲ್ಲ. ಎರಡು ವಾರ ಕ್ರೀಮ್, ಜಾಸ್ತಿ ಇದ್ದರೆ ಎರಡು ವಾರ ಟರ್ಬಿನಾಫಿನ್ ಗುಳಿಗೆ, ಮುಗಿಯಿತು. ಈಗ ಹಾಗಿಲ್ಲ. ನಮ್ಮ ದೇಶದಲ್ಲಿ ಹರಡಿರುವ ಫಂಗಸ್ ಬದಲಾಗಿದೆ. 2020ರಲ್ಲಿ ಜಪಾನಿನ ಸಂಶೋಧಕರು ಭಾರತ ಮತ್ತು ನೇಪಾಳದ ಇಬ್ಬರ ಚರ್ಮದಲ್ಲಿ ಸಿಕ್ಕ ಫಂಗಸ್ಸಿಗೆ ಹೊಸ ಹೆಸರನ್ನೇ ಇಟ್ಟರು, ‘ಟ್ರೈಕೊಫೈಟಾನ್ ಇಂಡೋಟಿನಿಯೆ’. ಹೆಸರಿನಲ್ಲೇ ನಮ್ಮ ದೇಶ ಇದೆ. ಟರ್ಬಿನಾಫಿನ್ ಎಲ್ಲಿ ಹೋಗಿ ಹಿಡಿದುಕೊಳ್ಳಬೇಕೋ ಆ ಜಾಗವನ್ನೇ ಈ ಫಂಗಸ್ ಬದಲಾಯಿಸಿಕೊಂಡಿರುತ್ತದೆ. ಹಾಗಾಗಿ ಎಷ್ಟೋ ಜನರಿಗೆ ಆ ಗುಳಿಗೆ ನಾಟುವುದೇ ಇಲ್ಲ. 2023ರಲ್ಲಿ ನ್ಯೂಯಾರ್ಕಿನ ಇಬ್ಬರು ಹೆಂಗಸರಲ್ಲೂ ಇದು ಪತ್ತೆಯಾಯಿತು. ಇದು ಇಷ್ಟು ಬೆಳೆಯಲು ಸ್ಟಿರಾಯ್ಡ್ ಬೆರಕೆ ಕ್ರೀಮುಗಳೂ ಅರ್ಧಕ್ಕೆ ಬಿಟ್ಟ ಕೋರ್ಸುಗಳೂ ದಾರಿ ಮಾಡಿಕೊಟ್ಟವು ಎಂಬುದು ನಮ್ಮಂಥ ಬಹಳಷ್ಟು ಚರ್ಮದ ಡಾಕ್ಟರುಗಳ ಅನುಭವ.

ನಿಮ್ಮ ಯಜಮಾನರಿಗೆ ತೊಡೆಸಂದು, ಹೊಟ್ಟೆ, ಸೊಂಟ ಎಲ್ಲ ಕಡೆ ಇದೆ, ಒಂದೂವರೆ ವರ್ಷವಾಗಿದೆ. ಬರೀ ಕ್ರೀಮ್ ಸಾಲದು, ಗುಳಿಗೆ ಬೇಕಾಗುತ್ತದೆ. ಇವತ್ತು ಹೆಚ್ಚಾಗಿ ಕೊಡುವುದು ಇಟ್ರಾಕೊನಜೋಲ್ ಕ್ಯಾಪ್ಸೂಲ್. ಎಷ್ಟು ಮಿಲಿಗ್ರಾಂ, ಎಷ್ಟು ದಿನ ಎಂಬುದನ್ನು ನೋಡಿದ ಡಾಕ್ಟರೇ ಹೇಳಬೇಕು. ಆದರೆ ನಾಲ್ಕು ವಾರಕ್ಕಿಂತ ಕಡಿಮೆ ಆಗುವುದು ಅಪರೂಪ, ಆರೆಂಟು ವಾರ ಹಿಡಿದರೂ ಗಾಬರಿ ಬೇಡ.

ಈ ಕ್ಯಾಪ್ಸೂಲ್ ನುಂಗುವುದರಲ್ಲಿ ಒಂದು ಗುಟ್ಟಿದೆ. ಒಂದನ್ನು ಬಿಚ್ಚಿ ನೋಡಿದರೆ ಒಳಗೆ ಸಾಸಿವೆಯ ಥರ ಪುಟ್ಟ ಕಾಳುಗಳಿರುತ್ತವೆ. ಅವು ಕರಗಿ ರಕ್ತಕ್ಕೆ ಸೇರಲು ಹೊಟ್ಟೆಯಲ್ಲಿ ಹುಳಿ ಇರಬೇಕು, ಊಟವೂ ಇರಬೇಕು. ಹಾಗಾಗಿ ಹೊಟ್ಟೆ ತುಂಬ ಊಟ ಮಾಡಿದ ಕೂಡಲೇ ತಗೋಬೇಕು. ನಮ್ಮಲ್ಲಿ ಏನಾಗುತ್ತದೆ ನೋಡಿ. ಯಾವ ಗುಳಿಗೆ ಬರೆದರೂ ಜೊತೆಗೆ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ‘ಗ್ಯಾಸ್ ಗುಳಿಗೆ’ ಇದ್ದೇ ಇರುತ್ತದೆ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಥರದವು ಹೊಟ್ಟೆಯ ಹುಳಿಯನ್ನೇ ತಗ್ಗಿಸುತ್ತವೆ. ಆಗ ಇಟ್ರಾಕೊನಜೋಲ್ ಕ್ಯಾಪ್ಸೂಲ್ ಸರಿಯಾಗಿ ಮೈಗೆ ಸೇರುವುದಿಲ್ಲ. ತಿಂಗಳು ನುಂಗಿದರೂ ಗುಣ ಕಾಣದಿದ್ದರೆ ಇದೂ ಒಂದು ಕಾರಣ. ಅದಕ್ಕಿಂತ ಮುಖ್ಯ, ಗ್ಯಾಸ್ ಕ್ಯಾಪ್ಸೂಲಿನ ಜೊತೆ ಡೊಂಪೆರಿಡೋನ್ ಕೂಡ ಸೇರಿದ್ದರೆ ಅದನ್ನು ಇಟ್ರಾಕೊನಜೋಲ್ ಜೊತೆ ತಗೊಳ್ಳಲೇಬಾರದು, ಎದೆ ಬಡಿತದ ತಾಳ ತಪ್ಪಬಹುದು. ಕೊಲೆಸ್ಟ್ರಾಲ್‌ಗೆ ಕೊಡುವ ಕೆಲವು ಗುಳಿಗೆಗಳೂ ಇದರ ಜೊತೆ ಹೊಂದುವುದಿಲ್ಲ. ಹಾರ್ಟ್ ಫೇಲ್ಯೂರ್ ಇದ್ದವರಿಗೆ ಇದು ಬೇಡವೇ ಬೇಡ. ಯಜಮಾನರು ದಿನವೂ ಯಾವ್ಯಾವ ಗುಳಿಗೆ ನುಂಗುತ್ತಾರೋ ಅದರ ಪಟ್ಟಿ, ಇಲ್ಲವೆಂದರೆ ಪಟ್ಟಿಯ ಬದಲು ಖಾಲಿ ಸ್ಟ್ರಿಪ್‌ಗಳನ್ನೇ ಒಯ್ದು ಡಾಕ್ಟರ ಮುಂದೆ ಇಡಿ.

ಲಿವರ್ ಬಗ್ಗೆ ಕೇಳಿದ್ದೀರಿ. ಭಯ ಪೂರಾ ಸುಳ್ಳಲ್ಲ. ಟರ್ಬಿನಾಫಿನ್, ಇಟ್ರಾಕೊನಜೋಲ್ ಎರಡೂ ಅಪರೂಪಕ್ಕೆ ಲಿವರಿಗೆ ತೊಂದರೆ ಕೊಡಬಹುದು. ಅದಕ್ಕೆ ಶುರು ಮಾಡುವ ಮುಂಚೆ ಒಂದು ರಕ್ತ ಪರೀಕ್ಷೆ, ಕೋರ್ಸ್ ಉದ್ದವಾದರೆ ನಡುವೆ ಇನ್ನೊಂದು ಮಾಡಿಸುತ್ತೇವೆ. ಕುಡಿಯುವ ಅಭ್ಯಾಸ ಇದ್ದರೆ ಆ ಅವಧಿಯಲ್ಲಿ ನಿಲ್ಲಿಸಲೇಬೇಕು. ಕಡು ಹಳದಿ ಮೂತ್ರ, ಕಣ್ಣು ಹಳದಿ, ಊಟ ಸೇರದಿರುವುದು, ವಾಂತಿ, ಇವು ಕಂಡರೆ ಗುಳಿಗೆ ನಿಲ್ಲಿಸಿ ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ಕಣ್ಣಿಟ್ಟುಕೊಂಡು ಕೊಟ್ಟರೆ ಬಹುಪಾಲು ಜನರಿಗೆ ಏನೂ ಆಗುವುದಿಲ್ಲ. ಒಂದೂವರೆ ವರ್ಷ ತೊಡೆಸಂದಿಗೆ ಸ್ಟಿರಾಯ್ಡ್ ಹಚ್ಚುವುದು ಇದಕ್ಕಿಂತ ಹಗುರದ ಅಪಾಯ ಅಂತ ದಯವಿಟ್ಟು ಅಂದುಕೊಳ್ಳಬೇಡಿ.

ಯಾಕೆ ಅಂದರೆ ಮೈಯ ಚರ್ಮ ಎಲ್ಲ ಕಡೆ ಒಂದೇ ದಪ್ಪ ಇಲ್ಲ. 1967ರಲ್ಲಿ ಅಮೆರಿಕದ ಫೆಲ್ಡ್‌ಮನ್ ಮತ್ತು ಮೈಬಾಕ್ ಎಂಬ ವೈದ್ಯರು ಒಂದೇ ಸ್ಟಿರಾಯ್ಡನ್ನು ಮೈಯ ಬೇರೆ ಬೇರೆ ಜಾಗಕ್ಕೆ ಹಚ್ಚಿ ಎಷ್ಟು ಒಳಗೆ ಹೋಗುತ್ತದೆ ಎಂದು ಅಳೆದರು. ಮುಂಗೈಯಲ್ಲಿ ಹೀರಿದ್ದನ್ನು ಒಂದು ಪಾಲು ಎಂದಿಟ್ಟುಕೊಂಡರೆ ಹಣೆಯಲ್ಲಿ ಆರು ಪಾಲು, ದವಡೆಯ ಹತ್ತಿರ ಹದಿಮೂರು, ಗಂಡಸರ ವೃಷಣದ ಚೀಲದ ಚರ್ಮದಲ್ಲಿ ನಲವತ್ತೆರಡು. ತೊಡೆಸಂದಿನಲ್ಲಿ ಚರ್ಮಕ್ಕೆ ಚರ್ಮ ಅಂಟಿಕೊಂಡು ಬೆವರು ಬೇರೆ ಇರುತ್ತದೆ. ಒಮ್ಮೆ ಪಿಯುಸಿ ಓದುವ ಹುಡುಗನೊಬ್ಬ ಬಂದಿದ್ದ. ಕಬಡ್ಡಿ ಆಡುವವನು. ಎಂಟು ತಿಂಗಳು ಇಂಥದೇ ಟ್ಯೂಬ್ ಹಚ್ಚಿದ್ದ. ಎರಡೂ ತೊಡೆಯ ಒಳಭಾಗದಲ್ಲಿ ಬೆರಳಗಲದ ನೇರಳೆ ಬಣ್ಣದ ಗೆರೆಗಳು, ಬಸಿರು ಹೆಂಗಸರ ಹೊಟ್ಟೆ ಮೇಲೆ ಬರುತ್ತಾವಲ್ಲ ಹಾಗೆ, ಅದಕ್ಕಿಂತ ಅಗಲ. ಚಡ್ಡಿ ಹಾಕಿಕೊಂಡು ಅಂಗಳಕ್ಕೆ ಇಳಿಯಲು ನಾಚಿಕೆ ಅಂತ ಆಟವನ್ನೇ ಬಿಟ್ಟಿದ್ದ. ಹುಳುಕಡ್ಡಿ ಎರಡು ತಿಂಗಳಲ್ಲಿ ವಾಸಿಯಾಯಿತು. ಆ ಗೆರೆಗಳ ಬಣ್ಣ ಮಾಸುತ್ತದೆ, ಪೂರ್ತಿ ಹೋಗುವುದಿಲ್ಲ. ಅವನಿಗೆ ಅದನ್ನು ಹೇಳುವುದು ನನಗೆ ತುಂಬ ಕಷ್ಟವಾಯಿತು.

ಮುಂದಿನ ವಾರ ನಿಮಗೆ ಎದುರಾಗುವುದನ್ನು ಈಗಲೇ ಹೇಳುತ್ತೇನೆ. ಆ ಟ್ಯೂಬ್ ನಿಲ್ಲಿಸಿದ ಮೇಲೆ ಒಂದು ವಾರ ಹತ್ತು ದಿನ ತುರಿಕೆ ಈಗಿಗಿಂತ ಜಾಸ್ತಿ ಆಗುತ್ತದೆ. ಹೊಸ ಔಷಧಿ ಶುರು ಮಾಡಿದ್ದರೂ ಆಗುತ್ತದೆ. ‘ಡಾಕ್ಟರ್ ಕೊಟ್ಟಿದ್ದು ಸರಿಯಿಲ್ಲ, ಹಳೇದೇ ಚೆನ್ನಾಗಿತ್ತು’ ಅಂತ ಅನಿಸುವುದು ಅವತ್ತೇ. ಬಿಟ್ಟು ಹೋಗುವವರು ಹೋಗುವುದೂ ಅವತ್ತೇ. ಆ ಹತ್ತು ದಿನ ದಾಟಿಸಲು ರಾತ್ರಿ ತುರಿಕೆಯ ಗುಳಿಗೆ, ಲೆವೊಸೆಟಿರಿಜಿನ್ ಥರದ್ದು, ಬರೆಸಿಕೊಳ್ಳಿ. ಒದ್ದೆ ಬಟ್ಟೆ ಇಟ್ಟು ತಣ್ಣಗೆ ಮಾಡಿ. ಮನೆಯಲ್ಲಿರುವ ಹಳೆಯ ಟ್ಯೂಬ್‌ಗಳನ್ನು ಕೈಗೆ ಸಿಗುವಲ್ಲಿ ಇಟ್ಟುಕೊಳ್ಳಬೇಡಿ.

ಕ್ರೀಮ್ ಹಚ್ಚುವ ಕ್ರಮ. ಈಗ ಕೊಡುವ ಕ್ರೀಮ್‌ನಲ್ಲಿ ಒಂದೇ ಔಷಧಿ ಇರಲಿ, ಲುಲಿಕೊನಜೋಲ್, ಸರ್ಟಾಕೊನಜೋಲ್ ಥರದ್ದು. ಕಾಣುವ ಮಚ್ಚೆಯ ಆಚೆಗೆ ಎರಡು ಬೆರಳಗಲ ಸೇರಿಸಿ ಹಚ್ಚಬೇಕು. ಹೊರಗಿನಿಂದ ಒಳಕ್ಕೆ ಬರಬೇಕು, ಒಳಗಿನಿಂದ ಹೊರಕ್ಕೆ ಉಜ್ಜಬಾರದು. ಎಷ್ಟು ಹಚ್ಚಬೇಕು? ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬಿನಿಂದ ಒಂದು ಎಳೆ ಹಿಂಡಿ. ಅದು ಸುಮಾರು ಅರ್ಧ ಗ್ರಾಂ. ಅಷ್ಟು, ಬೆರಳೂ ಸೇರಿ ದೊಡ್ಡವರ ಎರಡು ಅಂಗೈಯಗಲ ಜಾಗಕ್ಕೆ ಸಾಕಾಗುತ್ತದೆ. ಯಜಮಾನರಿಗೆ ಆರು ಅಂಗೈಯಷ್ಟು ಜಾಗ ಇದ್ದರೆ ಒಂದು ಸಲಕ್ಕೆ ಮೂರು ಎಳೆ, ಅಂದರೆ ಒಂದೂವರೆ ಗ್ರಾಂ. ದಿನಕ್ಕೊಮ್ಮೆ ಹಚ್ಚಿದರೂ 15 ಗ್ರಾಂ ಟ್ಯೂಬ್ ಹತ್ತು ದಿನಕ್ಕೆ ಮುಗಿಯಬೇಕು. ಒಂದು ಟ್ಯೂಬ್ ತಿಂಗಳು ಬಂತು ಅಂದರೆ ನೀವು ಹಚ್ಚಿದ್ದು ಸಾಲಲಿಲ್ಲ ಅಂತ. ಮಚ್ಚೆ ಪೂರ್ತಿ ಹೋದ ಮೇಲೂ ಎರಡು ವಾರ ಹಚ್ಚಿ. ಬಣ್ಣ ಕಪ್ಪಾಗಿ ಉಳಿದಿದ್ದರೆ ಅದು ಕಲೆ ಮಾತ್ರ, ನಿಧಾನಕ್ಕೆ ಹೋಗುತ್ತದೆ.

ಬೆಳ್ಳುಳ್ಳಿ ಅರೆದು ಕಟ್ಟುವುದು, ನಿಂಬೆಹಣ್ಣು ತಿಕ್ಕುವುದು ಬೇಡ. ಬೆಳ್ಳುಳ್ಳಿಯಿಂದ ಚರ್ಮ ಸುಟ್ಟು ಬೊಬ್ಬೆ ಎದ್ದವರನ್ನು ನೋಡಿದ್ದೇನೆ.

ಬಟ್ಟೆಯ ಮಾತು ಸಣ್ಣದು ಅನಿಸಬಹುದು, ಸಣ್ಣದಲ್ಲ. ಯಜಮಾನರು ಓವನ್ ಮುಂದೆ ಗಂಟೆಗಟ್ಟಲೆ ನಿಲ್ಲುತ್ತಾರೆ, ಜೀನ್ಸ್ ಹಾಕುತ್ತಿದ್ದರೆ ಸೊಂಟದ ಪಟ್ಟಿ, ತೊಡೆ ಎರಡೂ ಬೆವರಲ್ಲಿ ನೆನೆದಿರುತ್ತವೆ. ಹತ್ತಿಯ ಸಡಿಲ ಪ್ಯಾಂಟು ಒಯ್ಯಲಿ, ನಡುವೆ ಒಮ್ಮೆ ಬದಲಿಸಲಿ. ನೀವು ಲಂಗದ ಲಾಡಿಯನ್ನು ಒಂದೇ ಜಾಗದಲ್ಲಿ ಬಿಗಿಯಾಗಿ ಕಟ್ಟಬೇಡಿ. ಲಾಡಿಯ ಬದಲು ಅಗಲ ಎಲಾಸ್ಟಿಕ್ಕೋ ಚೂಡಿದಾರವೋ ನೋಡಿ. ಯಜಮಾನರಿಗೆ ಉಡಿದಾರ ಇದೆಯಾ? ಇದ್ದರೆ ಅದನ್ನು ಬಿಚ್ಚಲು ಹೇಳಿ. ನೂಲಿನದಾದರೆ ವರ್ಷಗಟ್ಟಲೆ ಬೆವರು ಕುಡಿದು ಒದ್ದೆಯಾಗೇ ಇರುತ್ತದೆ. ಮನಸ್ಸು ಒಪ್ಪದಿದ್ದರೆ ಹಳೇದು ತೆಗೆದು, ಕಾಯಿಲೆ ವಾಸಿಯಾದ ಮೇಲೆ ಹೊಸದು ಕಟ್ಟಿಕೊಳ್ಳಲಿ. ಮೂವರ ಟವೆಲ್ ಬೇರೆ ಬೇರೆ ಇರಲಿ. ಒಳಬಟ್ಟೆ, ಟವೆಲ್, ಹಾಸಿಗೆ ಹೊದಿಕೆ ಬಿಸಿ ನೀರಿನಲ್ಲಿ ಒಗೆದು, ತಿರುವಿ ಹಾಕಿ, ಒಳಬದಿ ಬಿಸಿಲಿಗೆ ಬರುವ ಹಾಗೆ ಒಣಗಿಸಿ. ಮಳೆಗಾಲದಲ್ಲಿ ಊರಿಗೆ ಹೋದರೆ ಬಟ್ಟೆ ಒಣಗುವುದೇ ಕಷ್ಟ, ನಿಮಗೆ ನಾನು ಹೇಳಬೇಕಿಲ್ಲ. ಅಂಥ ಕಡೆ ಹೊಲಿಗೆಯ ಜಾಗಕ್ಕೆ ಬಿಸಿ ಇಸ್ತ್ರಿ ಒತ್ತಿ ಹಾಕಿಕೊಳ್ಳಿ. ಮನೆಯಲ್ಲಿ ಯಾರ್ಯಾರಿಗೆ ಇದೆಯೋ ಎಲ್ಲರಿಗೂ ಒಟ್ಟಿಗೇ ಚಿಕಿತ್ಸೆ ಶುರುವಾಗಬೇಕು. ಒಬ್ಬರು ಬಿಟ್ಟರೂ ಅವರಿಂದ ಮತ್ತೆ ಎಲ್ಲರಿಗೂ ಸುತ್ತುತ್ತದೆ. ಯಜಮಾನರ ಶುಗರ್ ಒಮ್ಮೆ ನೋಡಿಸಿ.

ನಿಮ್ಮ ಸೊಂಟದ ಮಚ್ಚೆ ಅಷ್ಟೇ ಇದ್ದರೆ ಕ್ರೀಮ್‌ನಲ್ಲೇ ಹೋಗಬಹುದು. ಗುಳಿಗೆ ಬೇಕಾದರೆ ಮುಟ್ಟು ಯಾವಾಗ ಆಯಿತು, ಇನ್ನೊಂದು ಮಗುವಿನ ಯೋಚನೆ ಇದೆಯಾ ಎಂಬುದನ್ನು ಸಂಕೋಚವಿಲ್ಲದೆ ಡಾಕ್ಟರಿಗೆ ಹೇಳಿ. ಇಟ್ರಾಕೊನಜೋಲ್ ತಗೊಳ್ಳುವಾಗ, ಮುಗಿದ ಮೇಲೆ ಬರುವ ಮುಂದಿನ ಮುಟ್ಟಿನವರೆಗೆ, ಬಸಿರಾಗಬಾರದು.

ಈಗ ನಿಮ್ಮ ಮುಖ. ಪತ್ರದಲ್ಲಿ ಇದನ್ನು ನೀವು ಕೊನೆಗೆ ಬರೆದಿದ್ದೀರಿ, ನನಗೆ ಜಾಸ್ತಿ ಚಿಂತೆ ಆಗಿದ್ದು ಇದರದ್ದೇ.

ಸ್ಟಿರಾಯ್ಡ್ ಹಚ್ಚಿದಾಗ ರಕ್ತನಾಳ ಕುಗ್ಗುತ್ತವೆ, ಬಣ್ಣ ಮಾಡುವ ಕೋಶಗಳು ಮಂಕಾಗುತ್ತವೆ. ಮುಖ ಬೆಳ್ಳಗೆ, ನಯವಾಗಿ ಕಾಣುತ್ತದೆ. ಪಕ್ಕದ ಮನೆಯವರು ಸುಳ್ಳು ಹೇಳಿಲ್ಲ, ಅವರು ನೋಡಿದ್ದು ಮೊದಲ ತಿಂಗಳನ್ನು ಮಾತ್ರ. ಆಮೇಲೆ ಚರ್ಮ ತೆಳ್ಳಗಾಗುತ್ತದೆ, ಕೆಳಗಿನ ಸಣ್ಣ ರಕ್ತನಾಳಗಳು ದಾರದ ಹಾಗೆ ಕಾಣತೊಡಗುತ್ತವೆ, ಮೊಡವೆ ಏಳುತ್ತವೆ, ಕೂದಲು ಬೆಳೆಯುತ್ತದೆ, ಬಿಸಿಲು ಒಲೆ ಯಾವುದನ್ನೂ ತಡೆಯುವುದಿಲ್ಲ. ನಿಲ್ಲಿಸಿದರೆ ಉರಿ, ಹಚ್ಚಿದರೆ ನೆಮ್ಮದಿ. ಹಾಗಾಗಿ ಬಿಡಲು ಆಗುವುದಿಲ್ಲ. ನಮ್ಮ ದೇಶದ ಚರ್ಮ ತಜ್ಞರು ಇದಕ್ಕೆ ಒಂದು ಬೇರೆ ಹೆಸರನ್ನೇ ಕೊಟ್ಟಿದ್ದಾರೆ, ಸ್ಟಿರಾಯ್ಡ್‌ನಿಂದ ಹಾಳಾದ ಮುಖ ಎಂದು. ಅಷ್ಟು ಜನ ಬರುತ್ತಾರೆ.

ನೀವು ಆರು ತಿಂಗಳು ಹಚ್ಚಿದ್ದೀರಿ. ಇದನ್ನು ಚರ್ಮದ ಡಾಕ್ಟರ ಕಣ್ಣೆದುರಿಗೇ ಬಿಡಬೇಕು. ಕೆಲವರಿಗೆ ಒಮ್ಮೆಲೇ ನಿಲ್ಲಿಸುತ್ತೇವೆ, ಕೆಲವರಿಗೆ ತೀರಾ ಮೆದು ಸ್ಟಿರಾಯ್ಡಿಗೆ ಇಳಿಸಿ ಕೆಲವು ವಾರದಲ್ಲಿ ಬಿಡಿಸುತ್ತೇವೆ. ಟ್ಯಾಕ್ರೊಲಿಮಸ್ ಎಂಬ ಸ್ಟಿರಾಯ್ಡ್ ಅಲ್ಲದ ಮುಲಾಮು ಕೆಲವರಿಗೆ ಸಹಾಯ ಮಾಡುತ್ತದೆ. ಅಲ್ಲಿಯವರೆಗೆ ಮುಖಕ್ಕೆ ಸೋಪು, ಫೇಸ್‌ಪ್ಯಾಕ್, ಬ್ಲೀಚ್, ಅರಿಶಿನ ಕಡಲೆಹಿಟ್ಟು ಏನೂ ಬೇಡ. ಬರೀ ತಣ್ಣೀರು, ವಾಸನೆ ಇಲ್ಲದ ಮಾಯಿಶ್ಚರೈಸರ್, ಹಗಲಿಗೆ ಸನ್‌ಸ್ಕ್ರೀನ್. ಚೇತರಿಸಿಕೊಳ್ಳಲು ತಿಂಗಳುಗಳೇ ಬೇಕಾಗಬಹುದು, ಆದರೆ ಹೆಚ್ಚಿನವರ ಮುಖ ಸುಧಾರಿಸುತ್ತದೆ.

ಬಂಗಿಗೆ ಏನು ಮಾಡುವುದು ಅಂತ ಆಗ ನೋಡೋಣ. ಬಿಸಿಲನ್ನು ತಡೆಯದೆ ಬಂಗಿನ ಯಾವ ಔಷಧಿಯೂ ನಿಲ್ಲುವುದಿಲ್ಲ. ಅಜೆಲಾಯಿಕ್ ಆಸಿಡ್ ಇದೆ, ಹೈಡ್ರೊಕ್ವಿನೋನ್ ಇದೆ. ಹೈಡ್ರೊಕ್ವಿನೋನ್, ಟ್ರೆಟಿನಾಯಿನ್, ಸ್ಟಿರಾಯ್ಡ್ ಮೂರೂ ಸೇರಿದ ಕ್ರೀಮ್ ಕೂಡ ಇದೆ. 1975ರಲ್ಲಿ ಕ್ಲಿಗ್‌ಮನ್ ಮತ್ತು ವಿಲ್ಲಿಸ್ ಎಂಬ ವೈದ್ಯರು ಇಂಥ ಮಿಶ್ರಣವನ್ನು ಮೊದಲು ಬರೆದಿಟ್ಟರು. ಕೆಲವು ವಾರಕ್ಕೆ, ಡಾಕ್ಟರ ಲೆಕ್ಕದಲ್ಲಿ ಹಚ್ಚಿದರೆ ಅದು ಒಳ್ಳೆಯ ಔಷಧಿ. ನಮ್ಮಲ್ಲಿ ಅದನ್ನೇ ಬಿಳಿಯಾಗುವ ಕ್ರೀಮ್ ಅಂತ ವರ್ಷಗಟ್ಟಲೆ ಹಚ್ಚುತ್ತಾರೆ. ನೀವು ಈಗ ಅದರ ಹತ್ತಿರ ಹೋಗಬೇಡಿ.

ಇಷ್ಟೆಲ್ಲ ಓದಿ ಸ್ಟಿರಾಯ್ಡ್ ಅಂದರೆ ವಿಷ ಅಂತ ನೀವು ಅಂದುಕೊಂಡರೆ ಅದೂ ನನಗೆ ಬೇಡ. 1952ರಲ್ಲಿ ಸಲ್ಜ್‌ಬರ್ಗರ್ ಮತ್ತು ವಿಟ್ಟನ್ ಮೊದಲ ಸಲ ಹೈಡ್ರೊಕಾರ್ಟಿಸೋನ್ ಮುಲಾಮು ಹಚ್ಚಿ ಗುಣ ಕಂಡಿದ್ದನ್ನು ಬರೆದರು. ಇಸುಬು ಬಂದು ರಾತ್ರಿಯೆಲ್ಲ ಕೆರೆದುಕೊಂಡು ಅಳುವ ಮಕ್ಕಳಿಗೆ, ಸೋರಿಯಾಸಿಸ್‌ನವರಿಗೆ ಅದಕ್ಕಿಂತ ಮುಂಚೆ ಇದ್ದಿದ್ದು ಟಾರಿನಂಥ ಕಪ್ಪು ಮುಲಾಮುಗಳು. ಇವತ್ತಿಗೂ ಇಸುಬಿಗೆ ಸ್ಟಿರಾಯ್ಡೇ ಮೊದಲ ಔಷಧಿ. ಮಗುವಿಗೆ ಡಾಕ್ಟರ್ ಬರೆದ ಮೆದು ಸ್ಟಿರಾಯ್ಡನ್ನು ಹೆದರಿ ಹಚ್ಚದೆ, ಮಗು ನಿದ್ದೆಯಿಲ್ಲದೆ ಸೊರಗುವುದನ್ನೂ ನಾನು ನೋಡುತ್ತೇನೆ. ಯಾವ ಕಾಯಿಲೆಗೆ, ಎಷ್ಟು ಜೋರಿನದು, ಯಾವ ಜಾಗಕ್ಕೆ, ಎಷ್ಟು ದಿನ ಎಂಬುದು ಗೊತ್ತಿರಬೇಕು. ಎಲ್ಲಕ್ಕಿಂತ ಜೋರಿನ ಕ್ಲೋಬೆಟಸಾಲನ್ನು ಒಂದೇ ಸಮನೆ ಎರಡು ವಾರಕ್ಕಿಂತ ಜಾಸ್ತಿ ಹಚ್ಚಬಾರದು ಎಂದು ಅದನ್ನು ತಯಾರಿಸುವವರೇ ಹೇಳುತ್ತಾರೆ. ಮುಖಕ್ಕೂ ತೊಡೆಸಂದಿಗೂ ಅದು ಅಲ್ಲವೇ ಅಲ್ಲ.

ತುರಿಕೆ ಎಲ್ಲ ಹುಳುಕಡ್ಡಿಯೂ ಅಲ್ಲ. ಮನೆಮಂದಿಗೆಲ್ಲ ರಾತ್ರಿ ಹೊತ್ತು ತುರಿಕೆ ಜಾಸ್ತಿಯಾಗಿ, ಬೆರಳ ಸಂದಿಯಲ್ಲಿ ಗುಳ್ಳೆ ಇದ್ದರೆ ಅದು ಕಜ್ಜಿ. ಅದಕ್ಕೆ ಪರ್ಮೆಥ್ರಿನ್ ಕ್ರೀಮನ್ನು ಕುತ್ತಿಗೆಯಿಂದ ಪಾದದವರೆಗೆ ಎಲ್ಲರೂ ಒಂದೇ ರಾತ್ರಿ ಹಚ್ಚಿ, ಬೆಳಿಗ್ಗೆ ತೊಳೆದು, ವಾರ ಬಿಟ್ಟು ಮತ್ತೊಮ್ಮೆ ಹಚ್ಚಬೇಕು. ಮಚ್ಚೆ ಇದ್ದು ತುರಿಕೆ ಇಲ್ಲ, ಮುಟ್ಟಿದರೆ ಅಲ್ಲಿ ಸ್ಪರ್ಶವೂ ಗೊತ್ತಾಗುವುದಿಲ್ಲ ಅಂದರೆ ಯಾವ ಕ್ರೀಮನ್ನೂ ಹಚ್ಚದೆ ಸರ್ಕಾರಿ ಆಸ್ಪತ್ರೆಗೆ ಹೋಗಿ ತೋರಿಸಬೇಕು. ಅದು ಕುಷ್ಠ ಇರಬಹುದು, ಔಷಧಿ ಪುಕ್ಕಟೆ ಸಿಗುತ್ತದೆ, ಪೂರ್ತಿ ವಾಸಿಯಾಗುತ್ತದೆ.

ಮಗಳ ಕೆನ್ನೆಗೆ ಆ ಟ್ಯೂಬ್ ಇನ್ನೂ ಮುಟ್ಟಿಸಿಲ್ಲ ಅಂತ ನಂಬಿದ್ದೇನೆ. ಮುಟ್ಟಿಸಿದ್ದರೆ ಇವತ್ತೇ ನಿಲ್ಲಿಸಿ. ಮಕ್ಕಳ ಚರ್ಮ ತೆಳು, ಹಚ್ಚಿದ್ದು ಮೈಗೆ ಬೇಗ ಸೇರುತ್ತದೆ, ಕಣ್ಣಿನ ಹತ್ತಿರ ಬೇರೆ. ಒಂದೇ ಉಂಗುರ ಆದರೆ ಬರೀ ಫಂಗಸ್ ಕ್ರೀಮ್ ಸಾಕಾಗುತ್ತದೆ. ಸ್ನಾನ ಮಾಡಿಸುವಾಗ ಅವಳ ಕೂದಲು ಬಿಡಿಸಿ ಬುಡ ನೋಡಿ. ಒಂದು ಜಾಗದಲ್ಲಿ ಕೂದಲು ತುಂಡಾಗಿ ಹೊಟ್ಟು ಎದ್ದಿದ್ದರೆ ತಲೆಗೂ ಬಂದಿದೆ ಅಂತ ಅರ್ಥ. ಆಗ ಕ್ರೀಮ್ ನಾಟುವುದಿಲ್ಲ, ತೂಕ ನೋಡಿ ಬಾಯಿಗೆ ಔಷಧಿ ಕೊಡಬೇಕು.

ಮೂವರೂ ಒಂದೇ ದಿನ ಹೋಗಿ. ಬೆಂಗಳೂರಲ್ಲೇ ಇದ್ದೀರಿ, ವಿಕ್ಟೋರಿಯಾ, ಬೌರಿಂಗ್ ಎರಡೂ ಆಸ್ಪತ್ರೆಯಲ್ಲಿ ಚರ್ಮದ ವಿಭಾಗ ಇದೆ. ಯಜಮಾನರಿಗೆ ಇಎಸ್‌ಐ ಕಾರ್ಡ್ ಇದ್ದರೆ ಅಲ್ಲೂ ತೋರಿಸಬಹುದು. ಎರಡು ತಿಂಗಳ ಕೋರ್ಸ್ ದುಬಾರಿ ಅನಿಸಿದರೆ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ, ಜನೌಷಧಿ ಕೇಂದ್ರದಲ್ಲಿ ಸಿಗುವ ಹೆಸರು ಬರೆದುಕೊಡುತ್ತಾರೆ. ಹೋಗುವ ದಿನ ಯಾರೂ ಏನೂ ಹಚ್ಚಿಕೊಳ್ಳಬೇಡಿ, ಇಲ್ಲದಿದ್ದರೆ ಕೆರೆದು ನೋಡಿದರೂ ಫಂಗಸ್ ಸರಿಯಾಗಿ ಕಾಣುವುದಿಲ್ಲ. ಮನೆಯಲ್ಲಿರುವ ಹಳೆಯ ಟ್ಯೂಬ್‌ಗಳನ್ನೆಲ್ಲ, ಖಾಲಿಯಾದವನ್ನೂ ಸೇರಿಸಿ, ಒಂದು ಕವರಿನಲ್ಲಿ ಹಾಕಿ ಒಯ್ಯಿರಿ. ಡಾಕ್ಟರು ಬೈಯುತ್ತಾರೆ ಅಂತ ಬಚ್ಚಿಡಬೇಡಿ. ಏನೇನು ಹಚ್ಚಿದ್ದೀರಿ ಅಂತ ಗೊತ್ತಾದರೆ ಎಲ್ಲಿಂದ ಶುರು ಮಾಡಬೇಕು ಅಂತ ಅವರಿಗೆ ಗೊತ್ತಾಗುತ್ತದೆ.